ಆಕಾಶಮಾರ್ಗದ ದೂರ, ನೆಲದ ಲೆಕ್ಕ

ಮಾಲೂರು ಸೀಮೆಯ ಹಿರಿಯರ ಮಾತಿನಲ್ಲಿ ದೂರಕ್ಕೆ ಹಲವು ಅಳತೆಗಳಿದ್ದವು. ನೆರೆಯವರ ಹೊಲ ಕೂಗಳತೆಯಲ್ಲಿರುತ್ತಿತ್ತು. ಸಂತೆಯ ಊರನ್ನು ಹರದಾರಿಗಳಲ್ಲಿ, ಯಾತ್ರೆಯ ಕ್ಷೇತ್ರವನ್ನು ಗಾವುದಗಳಲ್ಲಿ ಹೇಳುತ್ತಿದ್ದರು. ನಡೆಯುವವನ ಕಾಲಿನ ದಣಿವು, ಗಾಡಿ ಎಳೆಯುವ ಎತ್ತಿನ ಉಸಿರು, ನಡುದಾರಿಯಲ್ಲಿ ನೀರು ಸಿಗುವ ಬಾವಿ ಎಲ್ಲವೂ ಈ ಅಳತೆಗಳಲ್ಲಿ ಸೇರಿಕೊಂಡಿದ್ದವು. ದೂರ ಹೋಗಬೇಕಾದರೆ ಏನನ್ನಾದರೂ ವ್ಯಯಿಸಲೇಬೇಕು ಎಂಬ ಅರಿವು ಅಳತೆಯ ಪದದೊಳಗೇ ಇತ್ತು.

1864ರಲ್ಲಿ ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಗೆ ರೈಲು ಓಡತೊಡಗಿತು. ಮೈಸೂರು ಸೀಮೆಯ ಮೊದಲ ಆ ರೈಲುಹಳಿ ಮಾಲೂರಿನ ಮೂಲಕವೇ ಹಾದುಹೋಗಿದೆ. ಅಂದಿನಿಂದ ಮಾಲೂರಿನ ದೂರಗಳು ಹರದಾರಿಯನ್ನು ಬಿಟ್ಟು ಗಂಟೆಯ ಲೆಕ್ಕಕ್ಕೆ ಬಂದವು. 2008ರ ಮೇ 24ರಂದು ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ತೆರೆದಾಗ ಈ ಗಂಟೆಯ ಲೆಕ್ಕ ಇಡೀ ಭೂಮಂಡಲಕ್ಕೆ ವಿಸ್ತರಿಸಿತು. ಇಂದು ಮಾಲೂರಿನ ವಿದ್ಯಾರ್ಥಿಯೊಬ್ಬನನ್ನು ಅಮೆರಿಕ ಎಷ್ಟು ದೂರವೆಂದು ಕೇಳಿದರೆ ಅವನು ಮೈಲಿಯನ್ನಾಗಲೀ ಕಿಲೋಮೀಟರನ್ನಾಗಲೀ ಹೇಳುವುದಿಲ್ಲ. ‘ಹದಿನೇಳು ಗಂಟೆ’ ಎನ್ನುತ್ತಾನೆ. ಈ ಉತ್ತರದಲ್ಲಿ ತಪ್ಪಿಲ್ಲ. ಆದರೆ ಅದು ಪೂರ್ಣ ಉತ್ತರವಲ್ಲ. ಅದರಿಂದ ಬಿಟ್ಟುಹೋದ ಭಾಗವೇ ಬೆಟ್ಟದ ತಪ್ಪಲಿನ ಹಳ್ಳಿಗಳಿಗೆ ಹೆಚ್ಚು ಸಂಬಂಧಪಟ್ಟದ್ದು.

ನಕಾಶೆಯ ಗೆರೆ, ಗೋಳದ ದಾರ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಎಲ್ಲಿಯೂ ಇಳಿಯದೆ ಹಾರುವ ಸೇವೆಯನ್ನು 2021ರ ಜನವರಿಯಲ್ಲಿ ಏರ್ ಇಂಡಿಯಾ ಆರಂಭಿಸಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ವಿಮಾನವನ್ನು ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳಾ ವಿಮಾನ ಚಾಲಕರೇ ನಡೆಸಿಕೊಂಡು ಬಂದರು. ಉತ್ತರ ಧ್ರುವದ ಮೇಲಿನ ಮಾರ್ಗವಾಗಿ ಬಂದ ಆ ಹಾರಾಟ ಅಭಿಮಾನಪಡಬೇಕಾದ ಸಾಧನೆ. ಇಂತಹ ಸೇವೆಗಳು ಒಂದು ವರ್ಷ ಇದ್ದು ಮತ್ತೊಂದು ವರ್ಷ ನಿಲ್ಲಬಹುದು. ವಿಮಾನ ಸಂಸ್ಥೆಗಳು ಬದಲಾಗಬಹುದು. ಎರಡು ಊರುಗಳ ನಡುವಿನ ದೂರ ಮಾತ್ರ ಬದಲಾಗುವುದಿಲ್ಲ. ಅದು ಸುಮಾರು 14,000 ಕಿಲೋಮೀಟರ್. ಸಮಭಾಜಕ ವೃತ್ತದ ಬಳಿ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಎಂಬುದನ್ನು ನೆನೆದರೆ, ಈ ಒಂದು ಪ್ರಯಾಣ ಭೂಮಿಯ ಸುತ್ತಳತೆಯ ಮೂರನೆಯ ಒಂದು ಭಾಗವನ್ನೂ ಮೀರುತ್ತದೆ.

ಈ ಅಳತೆಯನ್ನು ಯಾವ ಶಾಲೆಯಲ್ಲಿ ಬೇಕಾದರೂ ಪರೀಕ್ಷಿಸಿ ನೋಡಬಹುದು. ತರಗತಿಯ ಗೋಡೆಯ ಮೇಲಿರುವ ವಿಶ್ವದ ನಕಾಶೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಪೆಸಿಫಿಕ್ ಸಾಗರವನ್ನು ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಗೆರೆ ಎಳೆದರೆ ಅದೇ ಹತ್ತಿರದ ದಾರಿಯೆಂದು ತೋರುತ್ತದೆ. ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಹಾಗೆ ಸಾಗಿದರೆ ಕ್ರಮಿಸಬೇಕಾದ ದೂರ ಸುಮಾರು 16,000 ಕಿಲೋಮೀಟರ್. ಗೋಳವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ದಾರ ಬೇರೆಯೇ ಹಾದಿ ಹಿಡಿಯುತ್ತದೆ. ಅದು ಈಶಾನ್ಯಕ್ಕೆ ಏರಿ ನೇಪಾಳ, ಟಿಬೆಟ್, ಸೈಬೀರಿಯಾಗಳ ಮೇಲೆ ಸಾಗಿ, ಆರ್ಕ್ಟಿಕ್ ಅಂಚನ್ನು ಮುಟ್ಟಿ, ಅಲಾಸ್ಕದ ಮೂಲಕ ಕೆಳಗಿಳಿಯುತ್ತದೆ. ಚಪ್ಪಟೆ ಕಾಗದದ ಮೇಲೆ ಬಳಸುದಾರಿಯಂತೆ ಕಾಣುವುದೇ ಉರುಟಾದ ಭೂಮಿಯ ಮೇಲೆ ಹತ್ತಿರದ ದಾರಿ. ವಿಮಾನ ನಿಲ್ದಾಣಗಳ ನಡುವಿನ ದೂರವೆಂದು ಪ್ರಕಟವಾಗುವ ಅಂಕಿ ಸಾಮಾನ್ಯವಾಗಿ ಈ ದಾರದ ಉದ್ದವೇ.

ಆದರೆ ವಿಮಾನಗಳು ದಾರದ ಗೆರೆಯಲ್ಲೇ ಹಾರುವುದಿಲ್ಲ. ಹಿಮಾಲಯ ಮತ್ತು ಟಿಬೆಟಿನ ಎತ್ತರದ ಪ್ರಸ್ಥಭೂಮಿಯ ಮೇಲೆ ಪ್ರಯಾಣಿಕ ವಿಮಾನಗಳು ಹೆಚ್ಚಾಗಿ ಹೋಗುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದಾಗ ಪ್ರಯಾಣಿಕರು ಉಸಿರಾಡಬಲ್ಲ ಎತ್ತರಕ್ಕೆ ಬೇಗನೆ ಇಳಿಯಬೇಕಾಗುತ್ತದೆ. ಅಲ್ಲಿ ನೆಲವೇ ಆ ಎತ್ತರವನ್ನು ಮೀರಿ ನಿಂತಿದೆ. ಮನುಷ್ಯನ ಯಂತ್ರ ಬಳಸಿ ಹೋಗುವ ಆ ಪರ್ವತಗಳನ್ನು ಪಟ್ಟೆತಲೆಯ ಹೆಬ್ಬಾತುಗಳು ಪ್ರತಿ ಚಳಿಗಾಲದಲ್ಲಿಯೂ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಯವರೆಗೆ ಬರುತ್ತವೆ. ಅವುಗಳಿಗೆ ಬೇಕಾದದ್ದು ದಾರಿಯಲ್ಲಿ ಮೇವು, ತಲುಪಿದಲ್ಲಿ ನೀರು ತುಂಬಿದ ಒಂದು ಕೆರೆ.

ಹೊತ್ತಿನ ಲೆಕ್ಕದ ಜಾಣ್ಮೆ

ದೂರವನ್ನು ಹೊತ್ತಿನಿಂದ ಅಳೆಯುವುದು ಎಷ್ಟು ಜಾರುವ ಅಳತೆ ಎಂಬುದಕ್ಕೆ ಆ ಮೊದಲ ಹಾರಾಟವೇ ಉದಾಹರಣೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2021ರ ಜನವರಿ 9ರ ಶನಿವಾರ ರಾತ್ರಿ ವಿಮಾನ ಹತ್ತಿದವರು ಬೆಂಗಳೂರಿನಲ್ಲಿ ಇಳಿದದ್ದು 11ರ ಸೋಮವಾರ ನಸುಕಿನಲ್ಲಿ. ಪಂಚಾಂಗದ ಪ್ರಕಾರ ನಡುವಿನ ಒಂದು ಭಾನುವಾರವೇ ಕಳೆದುಹೋಯಿತು. ಆದರೂ ಆಕಾಶದಲ್ಲಿ ಕಳೆದದ್ದು ಸುಮಾರು ಹದಿನೇಳು ಗಂಟೆ ಮಾತ್ರ. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಗಳ ನಡುವೆ ಹದಿಮೂರೂವರೆ ಗಂಟೆಗಳ ಅಂತರವಿರುವುದೇ ಇದಕ್ಕೆ ಕಾರಣ.

ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ವ್ಯತ್ಯಾಸವುಂಟು. ಭೂಮಿಯ ಮಧ್ಯ ಅಕ್ಷಾಂಶಗಳ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆಗಳು ಹರಿಯುತ್ತಿರುತ್ತವೆ. ಪೂರ್ವಕ್ಕೆ ಹೋಗುವ ವಿಮಾನವನ್ನು ಅವು ತಳ್ಳುತ್ತವೆ, ಪಶ್ಚಿಮಕ್ಕೆ ಬರುವ ವಿಮಾನವನ್ನು ತಡೆಯುತ್ತವೆ. ಹೊಳೆಯ ಹರಿವಿನೊಡನೆ ಈಜುವುದಕ್ಕೂ ಎದುರು ಈಜುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ.

ಇನ್ನು ದೇಶಗಳ ಜಗಳಗಳು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾದ ಆಕಾಶ ಅಮೆರಿಕದ ವಿಮಾನಗಳಿಗೆ ಮುಚ್ಚಿತು. ಅಮೆರಿಕದ ಸಂಸ್ಥೆಯೊಂದು ಬೆಂಗಳೂರಿಗೆ ಆರಂಭಿಸಬೇಕೆಂದಿದ್ದ ನೇರ ಸೇವೆ ಕಾಗದದಲ್ಲೇ ಉಳಿಯಿತು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್ ಪಟ್ಟಣದಲ್ಲಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬೇರೊಂದು ವಿಮಾನ ಬರುವವರೆಗೆ ಅಲ್ಲಿಯೇ ಕಾಯಬೇಕಾಯಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ಪ್ರಯಾಣಗಳು ಗಂಟೆಗಳಷ್ಟು ಉದ್ದವಾದವು. ಗಾಳಿ, ಗಡಿ, ಯುದ್ಧ ಇವೆಲ್ಲ ಸೇರಿ ಹೊತ್ತನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಹೊತ್ತು ಹಿಗ್ಗಿದಾಗಲೆಲ್ಲ ಉರಿಯುವ ಇಂಧನವೂ ಹೆಚ್ಚುತ್ತದೆ. ಆದರೆ ಪ್ರಯಾಣಿಕನ ಟಿಕೆಟ್ಟಿನಲ್ಲಿ ಹೊತ್ತು ಮಾತ್ರ ಅಚ್ಚಾಗಿರುತ್ತದೆ, ಇಂಧನವಲ್ಲ.

ಮರೆತ ಅಳತೆ

ಆ ಮರೆತ ಅಳತೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಈ ಮಾರ್ಗವನ್ನು ಉದ್ಘಾಟಿಸಿದ್ದು ಬೋಯಿಂಗ್ 777-200 ಎಲ್‌ಆರ್ ಮಾದರಿಯ, 238 ಆಸನಗಳ ವಿಮಾನ. ಹದಿನೇಳು ಗಂಟೆಗಳ ಹಾರಾಟಕ್ಕೆ ಇಂತಹ ವಿಮಾನ ನೂರು ಟನ್‌ಗೂ ಮೀರಿ ಇಂಧನವನ್ನು ಉರಿಸುತ್ತದೆ. ವಾದಕ್ಕಾಗಿ ನೂರೇ ಟನ್ ಎಂದು ಹಿಡಿಯೋಣ. ಅದು ಸುಮಾರು ಒಂದು ಲಕ್ಷ ಇಪ್ಪತ್ತೈದು ಸಾವಿರ ಲೀಟರ್. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳಾದರೆ ಹತ್ತು ಸಾಲದು. ಮಾರ್ಗ ಉದ್ದವಾದಷ್ಟೂ ಈ ಹೊರೆ ವಿಚಿತ್ರ ರೂಪ ತಾಳುತ್ತದೆ. ಕೊನೆಯ ಗಂಟೆಗೆ ಬೇಕಾದ ಇಂಧನವನ್ನೂ ಮೊದಲ ಗಂಟೆಯಿಂದಲೇ ಹೊತ್ತು ಹಾರಬೇಕು; ಹಾಗೆ ಹೊರುವುದಕ್ಕಾಗಿಯೇ ಮತ್ತಷ್ಟು ಇಂಧನವನ್ನು ಉರಿಸಬೇಕು. ಮೇವಿನ ಗಾಡಿ ಎಳೆಯುವ ಎತ್ತು ಗಾಡಿಯ ಮೇವನ್ನೇ ತಿನ್ನುತ್ತಾ ಸಾಗಿದಂತೆ ಇದು.

ಒಂದು ಕಿಲೋಗ್ರಾಂ ವಿಮಾನ ಇಂಧನ ಉರಿದರೆ 3.16 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಇಂಧನದ ಇಂಗಾಲ ಗಾಳಿಯ ಆಮ್ಲಜನಕದೊಡನೆ ಕೂಡುವುದರಿಂದ ಹೊಗೆಯ ತೂಕ ಇಂಧನದ ತೂಕಕ್ಕಿಂತ ಹೆಚ್ಚು. ನೂರು ಟನ್ ಇಂಧನದಿಂದ 316 ಟನ್. ಎಲ್ಲ ಆಸನಗಳೂ ತುಂಬಿದ್ದವೆಂದೇ ಭಾವಿಸಿ 238 ಜನರಿಗೆ ಹಂಚಿದರೆ ತಲೆಗೆ ಸುಮಾರು 1.3 ಟನ್. ಹೋಗಿ ಬಂದರೆ 2.6 ಟನ್. ಭಾರತದ ಸರಾಸರಿ ಪ್ರಜೆಯೊಬ್ಬ ಇಡೀ ವರ್ಷದಲ್ಲಿ ಅಡುಗೆ, ವಿದ್ಯುತ್ತು, ಬಸ್ಸು, ಕಾರ್ಖಾನೆಯ ಸರಕು ಎಲ್ಲದರಿಂದ ಹೊರಸೂಸುವ ಪಾಲು ಸುಮಾರು 2 ಟನ್. ಒಂದು ಭೇಟಿಯ ಎರಡು ಹಾರಾಟಗಳು ಒಂದು ವರ್ಷದ ಬದುಕನ್ನು ಮೀರಿಸುತ್ತವೆ.

ರೈತನಿಗೆ ಇದು ಡೀಸೆಲ್ ಲೆಕ್ಕದಲ್ಲಿ ಬೇಗ ತಿಳಿದೀತು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್. ಹಾಗಾದರೆ ಒಂದು ಆಸನದ, ಒಂದು ದಿಕ್ಕಿನ ಪ್ರಯಾಣ ಸುಮಾರು 500 ಲೀಟರ್ ಡೀಸೆಲ್‌ಗೆ ಸಮ. ಉಳುಮೆಯ ಟ್ರ್ಯಾಕ್ಟರಿಗೆ ಗಂಟೆಗೆ ಐದು ಲೀಟರ್ ಎಂದರೆ ಇದು ನೂರು ಗಂಟೆಗಳ ಉಳುಮೆ. ಹದಿನೇಳು ಗಂಟೆಗಳ ಒಂದು ಆಸನ, ನೂರು ಗಂಟೆಗಳ ನೇಗಿಲು: ದೂರವನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕವಾದ ಅಳತೆ ಸಿಗಲಾರದು.

ಸುಂಕ ಕಟ್ಟುವವರು ಯಾರು?

ಇಲ್ಲಿಯೇ ನ್ಯಾಯದ ಪ್ರಶ್ನೆ ಎದುರಾಗುತ್ತದೆ. ಮಾಲೂರಿನ ರೈತ ಟ್ರ್ಯಾಕ್ಟರಿಗೆ ಹಾಕಿಸುವ ಪ್ರತಿ ಲೀಟರ್ ಡೀಸೆಲ್ ಮೇಲೆ ಕೇಂದ್ರದ ಅಬಕಾರಿ ಸುಂಕವನ್ನೂ ರಾಜ್ಯದ ಮಾರಾಟ ತೆರಿಗೆಯನ್ನೂ ಕಟ್ಟುತ್ತಾನೆ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿತು. ಅತ್ತ, 1944ರಲ್ಲಿ ಷಿಕಾಗೋದಲ್ಲಿ ಆದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದ, ಬೇರೆ ದೇಶದಿಂದ ಬಂದಿಳಿದ ವಿಮಾನದ ತೊಟ್ಟಿಯಲ್ಲಿರುವ ಇಂಧನಕ್ಕೆ ಸುಂಕ ವಿಧಿಸಬಾರದೆಂದು ಹೇಳಿತು. ಆ ನೆಲೆಯ ಮೇಲೆ ದೇಶದೇಶಗಳ ನಡುವಿನ ವಿಮಾನ ಇಂಧನಕ್ಕೆ ತೆರಿಗೆಯ ವಿನಾಯಿತಿ ಬೆಳೆದು ನಿಂತಿದೆ. ವಿಮಾನಯಾನವೆಂಬ ಶಿಶುವನ್ನು ಸಾಕಲು ಎಂಟು ದಶಕಗಳ ಹಿಂದೆ ಕೊಟ್ಟ ಹಾಲನ್ನು, ಅದು ದೈತ್ಯನಾದ ಮೇಲೂ ನಿಲ್ಲಿಸಿಲ್ಲ.

ಹವಾಮಾನದ ಒಪ್ಪಂದಗಳಲ್ಲಿಯೂ ಇದೇ ಕಥೆ. 1997ರ ಕ್ಯೋಟೋ ಒಪ್ಪಂದ ಅಂತರರಾಷ್ಟ್ರೀಯ ವಿಮಾನಗಳ ಹೊಗೆಯನ್ನು ಯಾವ ದೇಶದ ಖಾತೆಗೂ ಹಾಕದೆ, ವಿಮಾನಯಾನದ ಅಂತರರಾಷ್ಟ್ರೀಯ ಸಂಸ್ಥೆಯೇ ನೋಡಿಕೊಳ್ಳಲೆಂದು ಬಿಟ್ಟಿತು. ಆ ಸಂಸ್ಥೆ 2016ರಲ್ಲಿ ಒಪ್ಪಿದ ಯೋಜನೆಯ ತಿರುಳು, ಹೆಚ್ಚಾದ ಹೊಗೆಗೆ ಬದಲಾಗಿ ಬೇರೆಲ್ಲಿಯೋ ಹೊಗೆ ತಗ್ಗಿಸುವ ಇಲ್ಲವೇ ಕಾಡು ಬೆಳೆಸುವ ಕೆಲಸಕ್ಕೆ ಹಣ ಕೊಡುವುದು. ‘ಬೇರೆಲ್ಲಿಯೋ ಮರ ನೆಡುವುದು’ ಎಂದರೇನೆಂದು ಕೋಲಾರ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ರಾಗಿಯ ಹೊಲಗಳಿಗೆ ಬಂದ ನೀಲಗಿರಿ ಇಂದಿಗೂ ಮಾಲೂರಿನ ನೆಲದಿಂದ ಪೂರ್ತಿಯಾಗಿ ತೊಲಗಿಲ್ಲ. ಹೊಸದಾಗಿ ಅದನ್ನು ಬೆಳೆಸಬಾರದೆಂದು ಸರ್ಕಾರ ಆಜ್ಞೆ ಮಾಡಿದ್ದು 2017ರಲ್ಲಿ. ಲೆಕ್ಕದ ಪುಸ್ತಕದಲ್ಲಿ ಅದೂ ಹಸಿರೇ ಆಗಿತ್ತು.

ಬೆಟ್ಟದ ತಪ್ಪಲಿಗೆ ಬರುವ ಪಾಲು

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಟೇಕಲ್, ಅಂತರಗಂಗೆಯಂತಹ ಬೆಟ್ಟಸಾಲುಗಳಿಂದ ಇಳಿಯುವ ಮಳೆನೀರನ್ನು ಒಂದರ ಕೆಳಗೊಂದು ಕೆರೆ ಕಟ್ಟಿ ಹಿಡಿದರು. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದ ಮೇಲೆ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಇಂತಹ ಸೀಮೆಯಲ್ಲಿ ಮಳೆಯ ಹದ ತಪ್ಪುವುದೆಂದರೆ ಬದುಕಿನ ಹದವೇ ತಪ್ಪಿದಂತೆ. 2021ರ ನವೆಂಬರಿನಲ್ಲಿ, ಕಟಾವಿಗೆ ನಿಂತಿದ್ದ ರಾಗಿಯ ಮೇಲೆ ದಿನಗಟ್ಟಲೆ ಮಳೆ ಸುರಿದು ತೆನೆ ಹೊಲದಲ್ಲೇ ಮೊಳಕೆಯೊಡೆದದ್ದನ್ನು ಈ ಭಾಗದ ರೈತರು ಮರೆತಿಲ್ಲ. ಆ ಒಂದು ಮಳೆಯನ್ನು ಯಾವುದೋ ಒಂದು ವಿಮಾನದ ತಲೆಗೆ ಕಟ್ಟುವುದು ವಿಜ್ಞಾನವಲ್ಲ. ಆದರೆ ಭೂಮಿ ಬಿಸಿಯಾದಷ್ಟೂ ಗಾಳಿ ಹೆಚ್ಚು ನೀರಾವಿಯನ್ನು ಹಿಡಿಯುತ್ತದೆ, ಬಿದ್ದಾಗ ಮಳೆ ಒಮ್ಮೆಲೇ ಬೀಳುತ್ತದೆ ಎಂಬುದು ವಿಜ್ಞಾನವೇ.

ಈ ಬಿಸಿಯನ್ನು ಹೆಚ್ಚಿಸುವವರಿಗೂ ಅನುಭವಿಸುವವರಿಗೂ ನಡುವಿನ ದೂರವೇ ಎಲ್ಲಕ್ಕಿಂತ ದೊಡ್ಡ ದೂರ. 2018ರಲ್ಲಿ ವಿಶ್ವದ ಜನರಲ್ಲಿ ವಿಮಾನ ಹತ್ತಿದವರು ಹೆಚ್ಚೆಂದರೆ ಶೇ. 11ರಷ್ಟು; ಪ್ರಯಾಣಿಕ ವಿಮಾನಗಳ ಹೊಗೆಯ ಅರ್ಧದಷ್ಟು, ಪದೇಪದೇ ಹಾರುವ ಶೇ. 1ರಷ್ಟು ಜನರದು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ.

ವಿಮಾನವೆಂದರೆ ಆಕಾಶದ ವಿಷಯ ಮಾತ್ರವೆಂದು ಮಾಲೂರು ಇನ್ನು ಸುಮ್ಮನಿರುವಂತಿಲ್ಲ. ತಾಲ್ಲೂಕಿಗೆ ನೆರೆಯ ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ ಮೂರು ಕೋಟಿ ಪ್ರಯಾಣಿಕರ ವಿಮಾನ ನಿಲ್ದಾಣವೊಂದನ್ನು ಕಟ್ಟುವುದಾಗಿ ತಮಿಳುನಾಡಿನ ಮುಖ್ಯಮಂತ್ರಿಗಳು 2024ರ ಜೂನ್‌ನಲ್ಲಿ ವಿಧಾನಸಭೆಯಲ್ಲಿ ಘೋಷಿಸಿದರು. ಬೆಂಗಳೂರಿನ ಎರಡನೆಯ ನಿಲ್ದಾಣಕ್ಕೆ ಜಾಗ ಹುಡುಕುವ ಕೆಲಸವನ್ನು ಕರ್ನಾಟಕವೂ ಕೈಗೆತ್ತಿಕೊಂಡಿತು. ಇಂತಹ ಯೋಜನೆಗಳ ವರದಿಗಳಲ್ಲಿ ಉಳಿತಾಯವಾಗುವ ಗಂಟೆಗಳ ಲೆಕ್ಕ ಮೊದಲ ಪುಟದಲ್ಲೇ ಇರುತ್ತದೆ. ಹೂವು ತರಕಾರಿಗಳ ರಫ್ತಿಗೆ ದಾರಿಯಾಗುವುದೆಂಬ ಮಾತೂ ಇರುತ್ತದೆ, ಅದರಲ್ಲಿ ಸತ್ಯವೂ ಉಂಟು. ಓಡುದಾರಿಯ ಜಲ್ಲಿಗೆ ಯಾವ ಬೆಟ್ಟ ಕರಗಬೇಕು, ನಿಲ್ದಾಣದ ನೀರು ಯಾವ ಕೆರೆಯ ಪಾಲಿನದು ಎಂಬ ಲೆಕ್ಕವನ್ನು ಮಾತ್ರ ಊರಿನವರೇ ಕೇಳಿ ಪಡೆಯಬೇಕಾಗುತ್ತದೆ.

ಆಕ್ಷೇಪಕ್ಕೆ ಉತ್ತರ

ವಿಶ್ವದ ಒಟ್ಟು ಇಂಗಾಲದ ಹೊಗೆಯಲ್ಲಿ ವಿಮಾನಗಳ ಪಾಲು ಶೇ. 2.5ರ ಆಸುಪಾಸು ಮಾತ್ರ, ಇಷ್ಟಕ್ಕೆ ಏಕೆ ಗದ್ದಲ ಎಂದು ಕೇಳುವವರಿದ್ದಾರೆ. ಅಂಕಿ ಸರಿ. ಆದರೆ ಅತಿ ಎತ್ತರದಲ್ಲಿ ವಿಮಾನದ ಹಿಂದೆ ಮೂಡುವ ಮೋಡದ ಗೆರೆಗಳೂ ಶಾಖವನ್ನು ಹಿಡಿದಿಡುವುದರಿಂದ ನಿಜವಾದ ಪರಿಣಾಮ ಅದಕ್ಕಿಂತ ಹೆಚ್ಚು. ಮೇಲಾಗಿ, ವಿಶ್ವದ ಬಹುಪಾಲು ಜನ ಇನ್ನೂ ವಿಮಾನವನ್ನೇ ಹತ್ತಿಲ್ಲದಿರುವಾಗಿನ ಅಂಕಿ ಇದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಅದು ಮನೆಯೊಳಗಿನಿಂದಲೇ ಬರುತ್ತದೆ. ಹೊಲ ಮಾರಿಯೋ ಸಾಲ ಮಾಡಿಯೋ ಓದಿಸಿದ ಮಗಳು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾಳೆ. ಆಕೆಯ ಬಾಣಂತನಕ್ಕೆ ಹೋಗುವ ತಾಯಿ ತನ್ನ ಜೀವಮಾನದಲ್ಲಿ ಮೊದಲ ಬಾರಿ ವಿಮಾನ ಹತ್ತುತ್ತಾಳೆ. ಆಕೆಗೆ ಇಂಗಾಲದ ಲೆಕ್ಕ ಹೇಳುವುದು ಯಾವ ಪರಿಸರ ಚಳವಳಿಗೂ ಶೋಭೆಯಲ್ಲ. ಆಕೆಯ ಒಂದು ಪ್ರಯಾಣವನ್ನೂ, ಒಂದೇ ದಿನದ ಸಭೆಗಾಗಿ ವಾರವಾರವೂ ಹಾರುವವರ ಪ್ರಯಾಣಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಗತ್ಯದ ದೂರ ಬೇರೆ, ಅಭ್ಯಾಸದ ದೂರ ಬೇರೆ. ಈ ಎರಡನ್ನೂ ಒಂದೇ ದರದಲ್ಲಿ, ಒಂದೇ ತೆರಿಗೆ ವಿನಾಯಿತಿಯಲ್ಲಿ ಇರಿಸಿರುವ ವ್ಯವಸ್ಥೆಯೇ ಚಳವಳಿಯ ಪ್ರಶ್ನೆಗೆ ಗುರಿಯಾಗಬೇಕು.

ಆದುದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ಹೊತ್ತನ್ನು ಅಚ್ಚು ಹಾಕುವ ಪ್ರತಿ ಟಿಕೆಟ್ಟಿನ ಮೇಲೆ ಆ ಆಸನಕ್ಕೆ ಉರಿಯುವ ಇಂಧನದ ಅಂದಾಜೂ ಅಚ್ಚಾಗಲಿ. ಅಂತರರಾಷ್ಟ್ರೀಯ ವಿಮಾನ ಇಂಧನದ ತೆರಿಗೆ ವಿನಾಯಿತಿಯನ್ನು ಮರುಪರಿಶೀಲಿಸುವಂತೆ ಭಾರತ ವಿಶ್ವವೇದಿಕೆಗಳಲ್ಲಿ ಒತ್ತಾಯಿಸಲಿ. ವರ್ಷದ ಮೊದಲ ಪ್ರಯಾಣಕ್ಕೆ ಹಗುರವಾಗಿ, ಹತ್ತನೆಯ ಪ್ರಯಾಣಕ್ಕೆ ಭಾರವಾಗಿ ಬೀಳುವ ಸುಂಕ ಬರಲಿ. ಅದರಿಂದ ಬಂದ ಹಣ ಮಳೆ ಕೈಕೊಟ್ಟ ಸೀಮೆಗಳ ಕೆರೆಗಳಿಗೆ ಹೋಗಲಿ. ಹತ್ತಿರದ ಊರುಗಳ ನಡುವೆ ವಿಮಾನಕ್ಕೆ ಮೊದಲು ರೈಲು ಬರಲಿ. 2022ರ ನವೆಂಬರ್ 11ರಂದು ಒಂದೇ ದಿನ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲೂ ಚೆನ್ನೈ–ಮೈಸೂರು ವಂದೇ ಭಾರತ್ ರೈಲೂ ಉದ್ಘಾಟನೆಯಾದವು. ಆ ರೈಲು ಮಾಲೂರಿನ ಹಳಿಯ ಮೇಲೆಯೇ ಓಡುತ್ತದೆ; ಬೆಂಗಳೂರಿನಿಂದ ಚೆನ್ನೈಗೆ ಹೋಗುವವನಿಗೆ ವಿಮಾನದ ಅಗತ್ಯವಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಇವೆಲ್ಲಕ್ಕೂ ಮೊದಲು ಶಾಲೆಗಳಲ್ಲಿ ಆಗಬಹುದಾದ ಕೆಲಸವೊಂದಿದೆ. ಗೋಳದ ಮೇಲೆ ದಾರ ಹಿಡಿದು ದೂರವನ್ನು ಅಳೆಯುವ ಮಕ್ಕಳು, ಅದರ ಪಕ್ಕದಲ್ಲಿಯೇ ಇಂಧನದ ಲೆಕ್ಕವನ್ನೂ ಬರೆಯಲಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: 14,000 ಕಿಲೋಮೀಟರ್, ಹದಿನೇಳು ಗಂಟೆ, ಆಸನವೊಂದಕ್ಕೆ ನೂರು ಗಂಟೆಗಳ ಉಳುಮೆಯಷ್ಟು ಹೊಗೆ. ಹರದಾರಿಯ ಕಾಲದ ಹಿರಿಯರಿಗೆ ಈ ಮೂರನೆಯ ಅಂಕಿಯನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಗಾಡಿ ಕಟ್ಟುವ ಮುನ್ನ ಅವರು ಎತ್ತಿನ ಮೈಯನ್ನು ಮುಟ್ಟಿ ನೋಡುತ್ತಿದ್ದರು.